ಪೊರ್ಬುಗಳು ಅರ್ಥ ಹೇಳಿದ ಕ್ರಿಸ್ಮಸ್ ಸಿನಿಮಾ

ಕೇಬಲ್‌ನವನು ಮನಸ್ಸು ಮಾಡಿದರೆ ಮಾತ್ರ ಲೋಕ ಕಾಣುತ್ತಿದ್ದ ವರ್ಷಗಳವು. ಬಂಬಯಿಯ ಹೊರಗೆ, ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಪಕ್ಕದ ನಮ್ಮ ಬಿಲ್ಡಿಂಗಿನಲ್ಲಿ ಟೆರೇಸಿನಿಂದ ಮನೆಮನೆಗೂ ಕಪ್ಪು ವಯರು ಇಳಿಬಿದ್ದಿರುತ್ತಿತ್ತು. ಅದರ ಮೇಲೆ ಕಾಗೆ ಕೂತರೆ ಸಾಕು, ಟಿವಿಯಲ್ಲಿ ವಾರ್ತೆ ಓದುವ ಹೆಂಗಸಿಗೆ ಮೀಸೆ ಬರುತ್ತಿತ್ತು. ಡಿಸೆಂಬರ್ ಬಂತೆಂದರೆ ಕಾರ್ಖಾನೆಗಳ ಹೊಗೆ ಮೇಲೆ ಹೋಗಲು ಸೋಮಾರಿತನ ಮಾಡಿ ನಮ್ಮ ಗ್ಯಾಲರಿಯಲ್ಲೇ ಕೂತುಬಿಡುತ್ತಿತ್ತು. ಕೊಳೆತ ಮೊಟ್ಟೆಗೆ ಫಿನಾಯಿಲ್ ಕಲಸಿದಂಥ ಆ ವಾಸನೆಯ ನಡುವೆ ಒಂದು ಸಂಜೆ ತೆಂಗಿನಹಾಲು, ಏಲಕ್ಕಿ, ಬಿಸಿ ಎಣ್ಣೆಯ ಘಮ ತೇಲಿಬಂದರೆ, ಪಕ್ಕದ ಮನೆಯ ಸೆವ್ರಿನ್ ಬಾಯಿ ಕ್ರಿಸ್ಮಸ್ ತಿಂಡಿಗೆ ಕೂತಿದ್ದಾರೆಂದು ತಿಳಿಯಬೇಕು. ಆಮೇಲೆ ನನ್ನನ್ನು ಮನೆಯಲ್ಲಿ ಕಟ್ಟಿಹಾಕಲು ಆಗುತ್ತಿರಲಿಲ್ಲ.

ನನ್ನ ಹೆಸರು ಪ್ರಶಾಂತ. ಹೆಸರಿಗೂ ನನಗೂ ಸಂಬಂಧವಿಲ್ಲ ಎಂದು ಗೊತ್ತಾದ ಮೇಲೆ ಎಲ್ಲರೂ ಪಚ್ಚು ಎಂದೇ ಕರೆದರು. ಮಾಡಿದ ಕಿತಾಪತಿಯನ್ನೆಲ್ಲ ಬರೆದಿದ್ದರೆ ರೇಷನ್ ಅಂಗಡಿಯ ಗೋಣಿಚೀಲ ಸಾಲುತ್ತಿರಲಿಲ್ಲ. ತಂಗಿ ಚಿನ್ನಿ ನನಗಿಂತ ಐದು ವರ್ಷ ಚಿಕ್ಕವಳು, ಬುದ್ಧಿಯಲ್ಲಿ ಹತ್ತು ವರ್ಷ ದೊಡ್ಡವಳು. ಅಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಊರಿಗೆಲ್ಲ ರಜೆಯಿದ್ದ ದಿನವೇ ಹೋಟೆಲಿನಲ್ಲಿ ರಶ್ಶು. ಹಾಗಾಗಿ ಹಬ್ಬದ ದಿನ ನಮಗೆ ಅಪ್ಪ ಎಂದರೆ ಬೆಳಿಗ್ಗೆ ಬಾಗಿಲ ಬಳಿ ಇದ್ದು, ಹಲ್ಲುಜ್ಜಿ ಬರುವಷ್ಟರಲ್ಲಿ ಮಾಯವಾಗುವ ಒಂದು ಜೊತೆ ಚಪ್ಪಲಿ.

ಸೆವ್ರಿನ್ ಬಾಯಿಯ ಗಂಡ ಗ್ರೆಗೊರಿ ಅಂಕಲ್. ನಮ್ಮ ಕಡೆಯ ತುಳುವರು ಕ್ರಿಸ್ತುವರ ಹೆಂಗಸರನ್ನು ಬಾಯಿ, ಗಂಡಸರನ್ನು ಪೊರ್ಬುಗಳು ಎಂದು ಗೌರವದಿಂದ ಅನ್ನುವುದರಿಂದ ಅಮ್ಮನ ಬಾಯಲ್ಲಿ ಅವರು ಪೊರ್ಬುಗಳು. ಬಣ್ಣದ ಕಾರ್ಖಾನೆಯಲ್ಲಿ ಕೆಲಸ. ಅವರ ಕರ್ಚೀಫು ನೋಡಿದರೆ ಅಂದು ಯಾವ ಬಣ್ಣ ಕುದಿಸಿದ್ದಾರೆಂದು ಹೇಳಬಹುದಿತ್ತು. ಊರು ಶಿರ್ವದ ಕಡೆ. ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಉಳಿದ ವಿದ್ಯೆಯೆಲ್ಲ ಯಕ್ಷಗಾನದ ಡೇರೆಯಲ್ಲಿ ಆದದ್ದು. ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ಇಗರ್ಜಿಯಲ್ಲಿ ಮೊಣಕಾಲೂರಿ ನಿದ್ದೆ ಮಾಡುತ್ತಿದ್ದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಬಾಯಿ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ನರ್ಸ್. ಇಂಗ್ಲಿಷು ನೀರು ಕುಡಿದಷ್ಟು ಸಲೀಸು.

ಕ್ರಿಸ್ಮಸ್ ದಿನ ಮಧ್ಯಾಹ್ನ ಇಂಗ್ಲಿಷ್ ಚಾನೆಲ್ಲಿನಲ್ಲಿ ಪ್ರತಿ ವರ್ಷ ಒಂದೇ ಸಿನಿಮಾ ಬರುತ್ತಿತ್ತು. ಅದರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಹೆಸರು ಬರುವ ಮೊದಲೇ ಅಂಕಲ್ ಶುರು ಮಾಡಿಬಿಡುತ್ತಿದ್ದರು. ರಿಮೋಟಿನಲ್ಲಿ ಮ್ಯೂಟ್ ಒತ್ತಿ, "ಇವರ ಗಲಾಟೆ ನಮಗೆ ಯಾಕೆ" ಎಂದು ಟಿವಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ತೆರೆಯ ಮೇಲಿನ ಪ್ರತಿಯೊಬ್ಬರ ಮಾತನ್ನೂ ತಾವೇ ಆಡುತ್ತಿದ್ದರು. ಥೇಟ್ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥ ಹೇಳುತ್ತ ಮಾತಿನ ಯುದ್ಧ. ಎರಡನೇ ಮಾಳಿಗೆಯ ಮರಾಠಿ ಹುಡುಗ ಓಂಕಾರನಿಗೂ ಅರ್ಥವಾಗಬೇಕಲ್ಲ, ಅದಕ್ಕೆ ನಡುನಡುವೆ ಬಂಬಯಿ ಹಿಂದಿ ಸೇರುತ್ತಿತ್ತು.

ಸಿನಿಮಾ ಇಷ್ಟೇ. ತೆಳ್ಳಗಿನ ಒಬ್ಬ ಮನುಷ್ಯ ಟೋಪಿ ಹಾಕಿಕೊಂಡು ಹಿಮದಲ್ಲಿ ನಡೆದುಬರುತ್ತಾನೆ. ಒಂದು ಮನೆ. ಯಾರೋ ಬಾಗಿಲು ತೆಗೆದು ಹೊರಗೆ ಇಣುಕಿದಾಗ ಸಂದಿನಲ್ಲಿ ನುಸುಳಿ ಒಳಗೆ ಹೋಗುತ್ತಾನೆ. ಒಳಗೆ ಊಟದ ಮೇಜು, ಹೆಂಡತಿ, ಮಕ್ಕಳು, ಮುದುಕಿ. ಖಾಲಿ ಕುರ್ಚಿಯಲ್ಲಿ ಕೂರುತ್ತಾನೆ. ಯಾರೂ ಅವನತ್ತ ನೋಡುವುದಿಲ್ಲ. ಪಾತ್ರೆಗಳು ಅವನ ಮೂಗಿನ ಮುಂದೆ ಹಾದುಹೋಗುತ್ತವೆ, ಅವನಿಗೆ ಬಡಿಸುವುದಿಲ್ಲ. ಅವನು ಕೈಬೀಸುತ್ತಾನೆ, ಹಾಡುತ್ತಾನೆ, ಹೆಂಡತಿಯ ಕಿವಿಯ ಬಳಿ ಬಗ್ಗುತ್ತಾನೆ. ನಾಯಿ ಮಾತ್ರ ಅವನ ಸುತ್ತ ಬಾಲ ಅಲ್ಲಾಡಿಸುತ್ತದೆ.

ಅಂಕಲ್ ಹೇಳುತ್ತಿದ್ದ ಪ್ರಕಾರ ಅವನು ಆನಂದ. ಬರ್ಫದ ದೇಶದ ಒಂದು ಹೋಟೆಲಿನಲ್ಲಿ ಅಡುಗೆಯವ. ಎಷ್ಟೋ ವರ್ಷದಿಂದ ಹಬ್ಬಕ್ಕೆ ರಜೆ ಸಿಕ್ಕಿಲ್ಲ.

"ಎಲವೋ ಮ್ಯಾನೇಜರನೇ, ಕೇಳುವಂಥವನಾಗು! ಮೂರು ಸಲ ಅರ್ಜಿ ಹಾಕಿದೆ. ರಜಾ ದೇತಾ ಹೈ ಕಿ ನಹೀ?" ಎಂದು, ಅವನು ಹಿಮದಲ್ಲಿ ನಡೆದುಬರುವಾಗಲೇ ಅಂಕಲ್ ಗುಡುಗಿದರೆ ಕಪಾಟಿನ ಗಾಜಿನ ಲೋಟಗಳು ನಡುಗುತ್ತಿದ್ದವು.

"ಅವನ ಜೊತೆ ಯಾರೂ ಯಾಕೆ ಮಾತಾಡುದಿಲ್ಲ ಅಂಕಲ್?" ಎಂದು ಚಿನ್ನಿ ಪ್ರತಿ ವರ್ಷ ಕೇಳುತ್ತಿದ್ದಳು.

"ಸಿಟ್ಟು ಮಗಾ. ಇಷ್ಟು ವರ್ಷ ಬರ್ಲಿಲ್ಲ ಅಲ್ವಾ? ಮನೆಯವರೆಲ್ಲ ಸೇರಿ ಮಾತು ಬಿಟ್ಟಿದ್ದಾರೆ. ನಾಯಿಗೆ ಮಾತ್ರ ಮರ್ಯಾದೆ ಉಂಟು."

ಇದರಲ್ಲಿ ನಮಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಹೋಟೆಲಿನವರ ಮಕ್ಕಳಿಗೆ ಯಾಕೆ ಬರಬೇಕು? ಹಬ್ಬ ಮುಗಿದ ಮೇಲೆ ಬಂದ ಅಪ್ಪನ ಜೊತೆ ಮುಖ ಊದಿಸಿಕೊಂಡು ಮಾತು ಬಿಡುವುದರಲ್ಲಿ ನಾನು ರಾಜ್ಯಮಟ್ಟದ ಆಟಗಾರ. ಆ ಬಿಳಿಯರ ಮಕ್ಕಳನ್ನು ನೋಡಿ, ಪರವಾಗಿಲ್ಲ, ಇವರಿಗೂ ಅಭ್ಯಾಸ ಚೆನ್ನಾಗಿದೆ ಎಂದು ಮೆಚ್ಚಿಕೊಳ್ಳುತ್ತಿದ್ದೆ. ಆನಂದ ಹೆಂಡತಿಯ ಕಿವಿಯ ಬಳಿ ಬಗ್ಗಿದಾಗ ಅಂಕಲ್ ಹೆಣ್ಣು ದನಿ ಮಾಡಿ, "ಹ್ಞೂಂ, ಈಗ ನೆನಪಾಯ್ತಾ? ಆ ಹೋಟೆಲಿನ ಗ್ರೈಂಡರನ್ನೇ ಮದುವೆ ಆಗ್ಬೇಕಿತ್ತು" ಅನ್ನುತ್ತಿದ್ದರು. ನಾವು ಬಿದ್ದುಬಿದ್ದು ನಗುತ್ತಿದ್ದೆವು. ಒಂದು ವರ್ಷ ನಾನು ಬಾಯ್ತುಂಬ ಕಿಡಿಯೊ ತುಂಬಿಕೊಂಡು ನಕ್ಕೆ. ಹುಳದಂತೆ ಸುರುಳಿ ಸುತ್ತಿದ ಆ ಸಕ್ಕರೆ ತಿಂಡಿಯಲ್ಲಿ ಒಂದು ಮೂಗಿನ ದಾರಿ ಹಿಡಿಯಿತು. ಸೆವ್ರಿನ್ ಬಾಯಿಯೇ ಬಂದು ಚಿಮಟ ಹಾಕಿ ಎಳೆಯಬೇಕಾಯಿತು. ಅಂಕಲ್ ಕಥೆ ನಿಲ್ಲಿಸಲಿಲ್ಲ. ಆನಂದನೇ ನನ್ನ ಮೂಗಿನೊಳಗೆ ರಜೆ ಹುಡುಕಲು ಹೋಗಿದ್ದಾನೆ ಎಂದು ಅದನ್ನೂ ಸೇರಿಸಿಕೊಂಡರು.

ಕೊನೆಯಲ್ಲಿ ಚಿಕ್ಕ ಹುಡುಗಿ ಒಂದು ತುಂಡು ಕೇಕನ್ನು ಖಾಲಿ ಕುರ್ಚಿಯ ಮುಂದೆ ಇಡುತ್ತಾಳೆ. ಅವನು ನಕ್ಕು, ಎದ್ದು, ಹಿಮದಲ್ಲಿ ಹೋಗಿಬಿಡುತ್ತಾನೆ.

"ಅರ್ಧ ರಾಜಿ ಆಯ್ತು," ಅನ್ನುತ್ತಿದ್ದರು ಅಂಕಲ್. "ರಜೆ ಮುಗೀತು, ಗಾಡಿ ಹಿಡೀಬೇಕು. ಬಾಕಿ ಅರ್ಧ ಮುಂದಿನ ವರ್ಷ."

ಅದೇ ಕಥೆಯನ್ನು ಹಾಗೆ ಎಷ್ಟು ವರ್ಷ ಕೇಳಿದೆವೋ. ಬಾಯಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಗಂಡನನ್ನು ನೋಡುತ್ತ ಸುಮ್ಮನೆ ನಗುತ್ತಿದ್ದರು.

ಆಮೇಲೊಂದು ಮಳೆಗಾಲ. ಅಂಕಲ್ ಕೆಲಸದಿಂದ ಬಂದು, ಒದ್ದೆ ಕೊಡೆಯನ್ನು ಮೆಟ್ಟಿಲಲ್ಲಿ ಬಿಚ್ಚಿಟ್ಟು, ಚಹಾ ಕೇಳಿದರಂತೆ. ಬಾಯಿ ಚಹಾ ತಂದಾಗ ಅವರು ಬೆತ್ತದ ಕುರ್ಚಿಯಲ್ಲಿ ಕೂತೇ ಇದ್ದರು, ಇರಲಿಲ್ಲ. ನನ್ನನ್ನೂ ಚಿನ್ನಿಯನ್ನೂ ಅವಸರದಲ್ಲಿ ವಾಶಿಯ ಮಾವನ ಮನೆಗೆ ಸಾಗಿಸಿದರು. ಹಿಂದಿರುಗಿದಾಗ ಮೆಟ್ಟಿಲಲ್ಲಿ ಓಂಕಾರ ಸಿಕ್ಕಿದ.

"ಅಂಕಲ್ ವಾರಲೆ ರೇ," ಎಂದ. ಆ ಮರಾಠಿ ಮಾತು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ತೀರಿಕೊಂಡರು ಎಂದೇ ಅರ್ಥವೆಂದು ಅವನ ಮುಖ ನೋಡಿ ತಿಳಿಯಿತು.

ಚಿನ್ನಿಗೆ ಅಮ್ಮ ಹೇಳಿದ್ದು ಬೇರೆ. "ಅಂಕಲ್ ಊರಿಗೆ ಹೋಗಿದ್ದಾರೆ."

ಅವಳಿಗೆ ಅದು ಸಾಕಾಯಿತು. ಊರಿಗೆ ಹೋದವರು ಎಲ್ಲಿಂದ ಹೋಗುತ್ತಾರೋ ಅಲ್ಲಿಗೆ ಬರುತ್ತಾರೆ, ರಜೆಯ ಪ್ರಶ್ನೆ ಅಷ್ಟೆ. ಕ್ರಿಸ್ಮಸ್ಸಿಗೆ ಬಂದು ಕಥೆ ಹೇಳುತ್ತಾರೆ ಎಂದು ಅವಳೇ ತೀರ್ಮಾನ ಮಾಡಿ, ವಾಚ್‌ಮನ್‌ನಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಸಾರಿದಳು. ಕೇಳಿದವರು ನೆಲ ನೋಡುತ್ತಿದ್ದರು. ಆ ಸುದ್ದಿ ಬಾಯಿಯ ಕಿವಿಗೆ ಬೀಳುವುದೊಂದು ಬೇಡ ಎಂದು ಅಮ್ಮ ದಿನಾ ದೇವರ ಮುಂದೆ ನಿಲ್ಲುತ್ತಿದ್ದಳು. ಚಿನ್ನಿಗೆ ನಿಜ ಹೇಳುವ ಧೈರ್ಯ ಅವಳಿಗೂ ಇರಲಿಲ್ಲ, ಅಪ್ಪನಿಗೂ ಇರಲಿಲ್ಲ. ನನಗೆ ಕತ್ತಲೆಯಲ್ಲಿ ಬಚ್ಚಲಿಗೆ ಹೋಗುವ ಧೈರ್ಯವೇ ಇರಲಿಲ್ಲ.

ಯಾಕೆಂದರೆ ಅಂಕಲ್ ಹೋಗಿರಲಿಲ್ಲ. ಇದು ನನಗೂ ಚಿನ್ನಿಗೂ ಮಾತ್ರ ಗೊತ್ತಿತ್ತು. ಸಂಜೆ ನಲ್ಲಿನೀರು ಬರುವ ಹೊತ್ತಿಗೆ ನಮ್ಮ ಎರಡು ಮನೆಗಳ ನಡುವಿನ ಗೋಡೆಯೊಳಗಿಂದ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಖ್ಹೂಂ. ಮತ್ತೆ ಸ್ವಲ್ಪ ಸುಮ್ಮನೆ. ಮತ್ತೆ ಖ್ಹೂಂ. ಥೇಟ್ ಕಥೆ ಶುರು ಮಾಡುವ ಮೊದಲಿನ ಹಾಗೆ. ಚಿನ್ನಿ ಓಡಿಹೋಗಿ ಗೋಡೆಗೆ ಕಿವಿ ಹಚ್ಚುತ್ತಿದ್ದಳು.

"ಅಂಕಲ್ ಊರಿಂದಲೇ ಪ್ರಾಕ್ಟೀಸ್ ಕರ್ ರಹೇ ಹೈ," ಎಂದು ನನಗೆ ಪಿಸುಗುಟ್ಟುತ್ತಿದ್ದಳು.

"ಪೈಪಿನಲ್ಲಿ ಗಾಳಿ ಸೇರಿದ್ದು, ಮಂಡೆಹಾಳು ಮಾಡ್ಬೇಡಿ," ಅನ್ನುತ್ತಿದ್ದಳು ಅಮ್ಮ. ಆದರೆ ಹಾಗೆ ಅನ್ನುವಾಗ ಅವಳ ಕೈಯ ಸೌಟು ನಿಂತಿರುತ್ತಿತ್ತು.

ಅವರ ಬಾಗಿಲು ದಾಟುವಾಗ ನಾನು ಕಣ್ಣು ಮುಚ್ಚಿ ಓಡುತ್ತಿದ್ದೆ. ಕಣ್ಣು ಮುಚ್ಚಿದರೆ ದೆವ್ವಕ್ಕೆ ನಾವು ಕಾಣುವುದಿಲ್ಲ ಎಂಬುದು ನನ್ನ ವಿಜ್ಞಾನ. ಒಮ್ಮೆ ಹಾಗೇ ಓಡಿ, ಎದುರು ಬರುತ್ತಿದ್ದ ಇಸ್ತ್ರಿಯವನ ಗಂಟಿನೊಳಗೆ ನುಗ್ಗಿ, ಯಾರದೋ ಪೈಜಾಮದೊಳಗೆ ತಲೆ ಸಿಕ್ಕಿಸಿಕೊಂಡು "ಅಂಕಲ್, ನಾನಲ್ಲ" ಎಂದು ಬೊಬ್ಬೆ ಹೊಡೆದೆ. ಇಡೀ ಮಾಳಿಗೆ ಬಾಗಿಲು ತೆಗೆಯಿತು. ಬಾಯಿಯ ಬಾಗಿಲೂ ತೆರೆಯಿತು. ಅವರು ಪೈಜಾಮ ಬಿಡಿಸಿ ನನ್ನ ಕೂದಲು ಸರಿಮಾಡಿ ಒಳಗೆ ಹೋದರು. ಅವರ ಬೆನ್ನ ಹಿಂದೆ, ಕತ್ತಲೆ ಹಾಲಿನಲ್ಲಿ, ಬೆತ್ತದ ಕುರ್ಚಿ ಟಿವಿಯ ಪಕ್ಕದಲ್ಲಿ ಇದ್ದಲ್ಲೇ ಇತ್ತು.

ಆ ಡಿಸೆಂಬರಿನಲ್ಲಿ ಗೋಡೆಯಾಚೆಯಿಂದ ಏಲಕ್ಕಿಯ ಘಮ ಬರಲಿಲ್ಲ. ಸಾವಾದ ವರ್ಷ ಅವರ ಮನೆಯಲ್ಲಿ ಹಬ್ಬದ ತಿಂಡಿ ಮಾಡುವುದಿಲ್ಲ, ನಕ್ಷತ್ರ ಕಟ್ಟುವುದಿಲ್ಲ. ಹಾಗಾದಾಗ ನೆರೆಯವರು ಮಾಡಿ ಕೊಡಬೇಕು ಎಂದಳು ಅಮ್ಮ. ಪ್ರತಿ ವರ್ಷ ಕ್ರೋಶಾ ಬಟ್ಟೆ ಮುಚ್ಚಿ ಆ ಮನೆಯಿಂದ ಬರುತ್ತಿದ್ದ ತಟ್ಟೆಯ ಬದಲು ಈ ಸಲ ನಮ್ಮ ಮನೆಯಿಂದ ಚಕ್ಕುಲಿ, ಕರ್ಜಿಕಾಯಿ ತುಂಬಿದ ಸ್ಟೀಲಿನ ತಟ್ಟೆ ಹೊರಟಿತು. ಹೊರಡುವ ಮೊದಲು ಅಮ್ಮ ನನ್ನ ಕಿವಿ ಹಿಡಿದಳು.

"ಟಿವಿ ಹೆಸರು ಎತ್ತಿದ್ರೆ ನೋಡು. ಕೊಟ್ಟು, ಎರಡು ನಿಮಿಷ ಕೂತು, ಬರುದು. ಚಿನ್ನಿಯ ಬಾಯಿ ನೋಡಿಕೊಳ್ಳುದು ನಿನ್ನ ಕೆಲಸ."

"ಹೇಗೆ ನೋಡಿಕೊಳ್ಳುದು?"

"ಚಕ್ಕುಲಿ ತುರುಕು."

ಓಂಕಾರ ಮೆಟ್ಟಿಲಲ್ಲೇ ಕಾಯುತ್ತಿದ್ದ. ಒಳಗೆ ಹೋಗಲು ಅವನಿಗೂ ಹೆದರಿಕೆ, ಹೊರಗೆ ನಿಲ್ಲಲು ಅದಕ್ಕಿಂತ ಹೆದರಿಕೆ. ಬಾಯಿ ಬಾಗಿಲು ತೆಗೆದರು. ಬಣ್ಣವಿಲ್ಲದ ಸೀರೆ. ಮನೆಯೊಳಗೆ ಮೇಣದಬತ್ತಿಯ ವಾಸನೆ.

"ಬಾ ವಾರಿಜಾ," ಎಂದು ಅಮ್ಮನನ್ನು ಕರೆದರು. ನಾನು ಒಳಗೆ ಕಾಲಿಟ್ಟವನೇ, ಹೆದರಿಕೆಗೆ ಏನಾದರೂ ಕೆಲಸ ಕೊಡಬೇಕೆಂದು ಹೇಳಿದ ಮೊದಲ ಮಾತು:

"ಬಾಯಿ, ನಾವು ಟಿವಿ ನೋಡ್ಲಿಕ್ಕೆ ಬಂದದ್ದಲ್ಲ."

ಅಮ್ಮ ನನ್ನನ್ನು ನೋಡಿದ ನೋಟಕ್ಕೆ ಬೇರೆ ಮಗನಾಗಿದ್ದರೆ ಸುಟ್ಟುಹೋಗುತ್ತಿದ್ದ. ಅಷ್ಟರಲ್ಲಿ ಚಿನ್ನಿ ಟಿವಿಯ ಮೇಲಿನ ಬಟ್ಟೆ ತೆಗೆದು, ಸ್ವಿಚ್ ಹಾಕಿ, ರಿಮೋಟ್ ಹುಡುಕಿ ಚಾನೆಲ್ ಹಿಡಿದಿದ್ದಳು. ಸಿನಿಮಾ ಶುರುವಾಗಿತ್ತು. ಹಿಮ. ಟೋಪಿಯ ಮನುಷ್ಯ. ಅವಳು ಮ್ಯೂಟ್ ಒತ್ತಿದಳು. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಟಿವಿಯ ಕಡೆಗಲ್ಲ, ಬೆತ್ತದ ಕುರ್ಚಿಯ ಕಡೆ ತಿರುಗಿದಳು.

"ಅಂಕಲ್, ಶುರು ಮಾಡಿ."

ಫ್ಯಾನ್ ಕೂಡ ತಿರುಗುತ್ತಿರಲಿಲ್ಲ. ತೆರೆಯ ಮೇಲೆ ಅವನು ಸದ್ದಿಲ್ಲದೆ ನಡೆಯುತ್ತಿದ್ದ. ಆ ನೀಲಿ ಬೆಳಕು ಕುರ್ಚಿಯ ಬೆನ್ನಿನ ಮೇಲೆ ಅಲ್ಲಾಡುತ್ತಿತ್ತು, ಯಾರೋ ಉಸಿರಾಡುವ ಹಾಗೆ. ನನ್ನ ಪಕ್ಕದಲ್ಲಿ ಓಂಕಾರ ಗಣಪತಿಯ ಹೆಸರು ಹೇಳತೊಡಗಿದ. ಅಮ್ಮ ಚಿನ್ನಿಯನ್ನು ಎತ್ತಲು ಎದ್ದಳು, ಬಾಯಿ ಕಣ್ಣಲ್ಲೇ ಬೇಡ ಎಂದರು. ಚಿನ್ನಿ ಕಾಯುತ್ತಿದ್ದಳು. ಅವಳಿಗೆ ಅನುಮಾನವೇ ಇರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

ಹೋಗಿ ಕುರ್ಚಿಯ ಹಿಂದೆ ನಿಂತೆ. ಅಂಕಲ್‌ನ ಹಾಗೆ ಗಂಟಲು ಸರಿಮಾಡಿದೆ. ನನ್ನ ಬಾಯಲ್ಲಿ ಚಿನ್ನಿಗೆ ತುರುಕಬೇಕಾಗಿದ್ದ ಚಕ್ಕುಲಿ ಇತ್ತು, ಅದು ಅಡ್ಡ ನಿಂತಿತು.

"ಎಲವೋ... ಖ್ಹೆ... ಎಲವೋ ಮ್ಯಾನೇಜರನೇ," ಎಂದೆ. ಗುಡುಗಬೇಕಿದ್ದ ಸ್ವರ ಪ್ರೆಶರ್ ಕುಕ್ಕರಿನ ಸೀಟಿಯಂತೆ ಬಂತು. ಅಷ್ಟರಲ್ಲಿ ತೆರೆಯ ಮೇಲೆ ನಾಯಿ ಬಂದಿತ್ತು. ನಾನು ರಜೆ ಕೇಳಿದ್ದು ನಾಯಿಯ ಹತ್ತಿರ. ಸರಿಮಾಡಲು ಹೋಗಿ, ನಾಯಿಯಿಂದ ಹೆಂಡತಿಯ ಮಾತು ಆಡಿಸಿದೆ. ಓಂಕಾರ ಹೆದರಿಕೆಯಲ್ಲೂ ಫಕ್ಕನೆ ನಕ್ಕ.

ಚಿನ್ನಿ ನಗಲಿಲ್ಲ.

"ನೀನಲ್ಲ," ಎಂದಳು. "ತೂ ಹಟ್. ಅಂಕಲ್ ಹೇಳ್ತಾರೆ."

ನಾನು ಹೀರೋ ಆಗಲು ಹೋಗಿ ಕೋಡಂಗಿಯಾದದ್ದು ಅದು ಮೊದಲ ಸಲವೇನಲ್ಲ. ಆದರೆ ನನ್ನ ಜೋಕಿಗೆ ಯಾರೂ ಬೈಯದೆ, ಓಂಕಾರನ ಹೊರತು ಯಾರೂ ನಗದೆ ಹೋದದ್ದು ಅದೇ ಮೊದಲು. ಎರಡು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತೆ. ಬೆತ್ತ ತಣ್ಣಗಿತ್ತು.

ಆಗ ಬಾಯಿ ಬಂದು ಚಿನ್ನಿಯ ಪಕ್ಕ ನೆಲದ ಮೇಲೆ ಕೂತರು. ಮೇಜಿನ ದೃಶ್ಯ ಬಂದಿತ್ತು. ಅವನು ಕೈಬೀಸುತ್ತಿದ್ದ.

"ಇವರಿಗೆ ಇನ್ನೂ ಸಿಟ್ಟು ಹೋಗ್ಲಿಲ್ವಾ ಬಾಯಿ?" ಚಿನ್ನಿ ಕೇಳಿದಳು.

"ಸಿಟ್ಟಲ್ಲ ಮಗಾ." ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ಮಾತಾಡುವ ದನಿ ಅದು. "ಅವರಿಗೆ ಅವ ಕಾಣುದಿಲ್ಲ."

"ಯಾಕೆ?"

"ಬಾಯೀ," ಎಂದಳು ಅಮ್ಮ. ಸಣ್ಣಗೆ, ಬೇಡಿಕೊಳ್ಳುವ ಹಾಗೆ.

"ಇರ್ಲಿ ವಾರಿಜಾ. ಇವತ್ತಲ್ಲದಿದ್ರೆ ನಾಳೆ." ಬಾಯಿ ಚಿನ್ನಿಯ ಕೈ ಹಿಡಿದುಕೊಂಡರು. "ಅವ ತೀರಿಹೋಗಿದ್ದಾನೆ. ಹಬ್ಬದ ದಿನ ಒಂದು ಸಲ ಮನೆಯವರನ್ನು ನೋಡಿ ಹೋಗುವ ಅಂತ ಬಂದದ್ದು. ಇವನಿಗೆ ಅವರು ಕಾಣ್ತಾರೆ. ಅವರಿಗೆ ಇವ ಕಾಣುದಿಲ್ಲ, ಇವನ ಸ್ವರ ಕೇಳುದಿಲ್ಲ."

ಇಷ್ಟು ವರ್ಷ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಇವನನ್ನು ನೋಡಿಯೇ? ಹೆಂಡತಿಯ ಕಿವಿಯ ಬಳಿ ಅವನು ಬಗ್ಗುವುದು, ಅವಳು ಆ ಕಡೆ ತಿರುಗಿ ಸೊಪ್ಪಿನ ಬೋಗುಣಿ ಎತ್ತುವುದು ಎಲ್ಲ ಅದೇ. ಒಂದು ಚಿತ್ರವೂ ಬದಲಾಗಿರಲಿಲ್ಲ. ನಾನು ಕುರ್ಚಿಯಿಂದ ಕೈ ತೆಗೆದೆ. ತೆಗೆದು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಅಂಕಲ್‌ಗೆ ಇದು ಗೊತ್ತಿತ್ತಾ?" ಎಂದೆ.

"ಗೊತ್ತಿರದೆ ಎಂತ. ಮೊದಲನೇ ವರ್ಷವೇ ನನ್ನ ಹತ್ರ ಎಲ್ಲ ಕೇಳಿಕೊಂಡಿದ್ರು. ಆಮೇಲೆ, ಮಕ್ಕಳಿಗೆ ಹಬ್ಬದ ದಿನ ಸತ್ತವನ ಕಥೆ ಬೇಡ ಮಾರಾಯ್ತಿ, ರಜೆ ಸಿಗದವ ಅಂತ ಮಾಡುವ ಅಂದ್ರು."

ಚಿನ್ನಿ ತೆರೆಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಅಂಕಲ್ ಕೂಡ?"

"ಹೌದು ಮಗಾ."

"ಊರಿಗೆ ಹೋಗ್ಲಿಲ್ವಾ?"

"ಇಲ್ಲ."

ಅಮ್ಮ ಸೆರಗನ್ನು ತುಟಿಗೆ ಒತ್ತಿಕೊಂಡಳು. ಚಿನ್ನಿ ಅವಳನ್ನು ಒಮ್ಮೆ ತಿರುಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಅಳುತ್ತಾಳೆ ಎಂದುಕೊಂಡೆ. ಅಳಲೂ ಇಲ್ಲ. ಬಾಯಿಯ ಮಡಿಲಿಗೆ ಸರಿದು, ಮುಖ ಎತ್ತದೆ, ನನಗೆ ಹೇಳಿದಳು:

"ಅಣ್ಣ, ನೀನೇ ಹೇಳು."

ನನಗೆ ಬರುವುದಿಲ್ಲ ಎಂದೆ. ನಾಯಿ ಯಾವುದು, ಮ್ಯಾನೇಜರ್ ಯಾವುದು ಎಂದು ಈಗಷ್ಟೇ ಎಲ್ಲರೂ ನೋಡಿದ್ದರಲ್ಲ.

"ಹೇಳು ಪಚ್ಚು," ಎಂದರು ಬಾಯಿ. "ನನ್ನ ಕಥೆ ಬೇಡ. ಅವರು ಹೇಳಿದ್ದನ್ನೇ ಹೇಳು. ಅವರ ಹಾಗೇ ಹೇಳು."

ಹೇಳಿದೆ. ಕುರ್ಚಿಯಲ್ಲಿ ಕೂರಲಿಲ್ಲ, ಹಿಂದೆ ನಿಂತೇ ಹೇಳಿದೆ. ತಪ್ಪಿದಲ್ಲೆಲ್ಲ ಓಂಕಾರ ಹಿಂದಿಯಲ್ಲಿ ತಿದ್ದಿದ. ಗ್ರೈಂಡರಿನ ಮಾತು ಬಂದಾಗ ಬಾಯಿ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಗೋಡೆಯೊಳಗೆ ನೀರು ಬರುವ ಹೊತ್ತಾಗಿತ್ತು. ಖ್ಹೂಂ ಎಂದಿತು. ಈ ಸಲ ಚಿನ್ನಿ ತಿರುಗಿ ನೋಡಲಿಲ್ಲ.

ಮುಂದಿನ ವರ್ಷವೂ ಹೇಳಿದೆ, ಅದರ ಮುಂದಿನ ವರ್ಷವೂ. ಚಾನೆಲ್ಲಿನವರು ಆ ಸಿನಿಮಾ ಬಿಟ್ಟ ಮೇಲೆ ಬೇರೆ ಯಾವುದೋ ಕಾರ್ಟೂನಿನ ಮೇಲೆ ಆನಂದನನ್ನು ಕೂರಿಸಿ ಹೇಳಿದೆ. ಅಭ್ಯಾಸವಾಗುತ್ತ ಬಂದಂತೆ ಚೆನ್ನಾಗಿಯೇ ಬಂತು. ಕಾಲೇಜಿನಲ್ಲಿ, ಮದುವೆ ಮನೆಗಳಲ್ಲಿ ಪೊರ್ಬುಗಳ ಸ್ವರ ನನ್ನ ಖಾಸಾ ಐಟಮ್ ಆಯಿತು. ಜನ ನಕ್ಕಲ್ಲಿ ಸ್ವಲ್ಪ ಎಳೆದೆ, ನಗದಲ್ಲಿ ಕತ್ತರಿಸಿದೆ.

ಈಗ ಆ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗಿ, ಅದರ ಜಾಗದಲ್ಲಿ ಲಿಫ್ಟಿರುವ ಟವರ್ ನಿಂತಿದೆ. ಕ್ರಿಸ್ಮಸ್ ಬಂದರೆ ಫೋನಿನಲ್ಲಿ ಸಾವಿರ ಸಿನಿಮಾ, ಬೇಕಾದ ಭಾಷೆಯಲ್ಲಿ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಕಿವಿಗೆ ಸಿಕ್ಕಿಸಿಕೊಂಡು ನೋಡುತ್ತೇವೆ. ಬಾಯಿ ಕಲ್ಯಾಣದಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದಾರೆ. ಹಬ್ಬದ ದಿನ ಫೋನ್ ಮಾಡಿದರೆ "ಒಂದು ಸಲ ಅವರ ಹಾಗೆ ಮಾತಾಡು ಪಚ್ಚು" ಅನ್ನುತ್ತಾರೆ. ಮಾತಾಡುತ್ತೇನೆ. ಆ ಕಡೆ ಅವರು ಸುಮ್ಮನೆ ಕೇಳುತ್ತಾರೆ.

ಅಂಕಲ್‌ನ ಸ್ವರ ಯಾವ ಫೋನಿನಲ್ಲೂ, ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಇದ್ದದ್ದು ನಮ್ಮ ನಾಲ್ಕೈದು ಜನರ ಕಿವಿಯಲ್ಲಿ. ಅದರ ಮೇಲೆ ನಾನು ವರ್ಷಗಟ್ಟಲೆ ನನ್ನದನ್ನು ಹಚ್ಚುತ್ತ ಬಂದಿದ್ದೇನೆ. ಒಬ್ಬನೇ ಇರುವಾಗ ಬಾಯಿ ಮುಚ್ಚಿ, ಅವರು ನಿಜವಾಗಿ ಹೇಗೆ ಮಾತಾಡುತ್ತಿದ್ದರೆಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಕಿವಿಗೆ ಬೀಳುವುದು ನನ್ನ ಸ್ವರವೇ.

ಹೋದ ಕ್ರಿಸ್ಮಸ್ಸಿಗೆ ಚಿನ್ನಿ ಬಂದಿದ್ದಳು. ಠಾಣೆಯಲ್ಲಿ ಬ್ಯಾಂಕಿನ ಕೆಲಸ ಅವಳಿಗೆ. ಊಟದ ಮೇಲೆ ಎಲ್ಲರೂ ಒತ್ತಾಯ ಮಾಡಿ ನನ್ನಿಂದ ಆನಂದನ ಕಥೆ ಹೇಳಿಸಿದರು. ಮುಗಿದ ಮೇಲೆ ಅವಳು ಗ್ಯಾಲರಿಗೆ ಬಂದು ನನ್ನ ಪಕ್ಕ ನಿಂತಳು.

"ಅಣ್ಣ, ನಂಗೆ ಸರಿಯಾಗಿ ನೆನಪಿಲ್ಲ. ಅಂಕಲ್ ಸ್ವರ ಹೀಗೇ ಇತ್ತಲ್ವಾ?"

"ಹೀಗೇ ಇತ್ತು," ಎಂದೆ.

ಅವಳು ನಂಬಿದಳು.